ಕ್ಯಾಮೆರಾ ಕೊಳ್ಳುವ ಮೊದಲು: ಸಲಹೆಗಾರರು, ತರಬೇತುದಾರರು ಲಾಭದ ಆನ್‌ಲೈನ್ ಕೋರ್ಸ್ ಕಟ್ಟುವುದು ಹೇಗೆ?

ಆನ್‌ಲೈನ್ ಕೋರ್ಸ್ ಮಾಡಲು ಹೊರಟವರು ಮೊದಲು ಕೇಳುವುದು, ‘ಯಾವ ಕ್ಯಾಮೆರಾ ತೆಗೆದುಕೊಳ್ಳಲಿ?’ ಎಂದು. ಎರಡನೆಯ ಪ್ರಶ್ನೆ, ‘ಯಾವ ಆ್ಯಪ್‌ನಲ್ಲಿ ಹಾಕಲಿ?’ ಈ ಲೇಖನದಲ್ಲಿ ಎರಡಕ್ಕೂ ಉತ್ತರವಿದೆ, ಆದರೆ ತಡವಾಗಿ, ಅದೂ ನಾಲ್ಕೈದು ಸಾಲುಗಳಲ್ಲಿ. ಕೋರ್ಸ್ ಹಣ ತರುತ್ತದೆಯೋ ಇಲ್ಲವೋ ಎಂಬುದು ಕ್ಯಾಮೆರಾ ಆನ್ ಮಾಡುವುದಕ್ಕೆ ಎಷ್ಟೋ ಮೊದಲು ತೀರ್ಮಾನವಾಗಿರುತ್ತದೆ. ಯಾರಿಗೆ ಕಲಿಸುತ್ತೀರಿ, ಯಾವ ಕೆಲಸ ಅವರ ಕೈಗೆ ಬರಬೇಕು, ಯಾವ ದಿನದೊಳಗೆ, ಎಷ್ಟು ಹಣಕ್ಕೆ ಎಂಬ ನಾಲ್ಕು ಮಾತು ಗಟ್ಟಿಯಾಗಿದ್ದರೆ ಮೊಬೈಲಿನಲ್ಲಿ ತೆಗೆದ ವಿಡಿಯೊ ಸಾಕು. ಅವು ಸಡಿಲವಾಗಿದ್ದರೆ ಲಕ್ಷ ರೂಪಾಯಿಯ ಕ್ಯಾಮೆರಾವೂ ಉಪಯೋಗಕ್ಕೆ ಬಾರದು.

ಉತ್ತರ ಕನ್ನಡದಲ್ಲಿ ಸಲಹೆ ಕೊಡಬಲ್ಲವರಿಗೆ ಬರವಿಲ್ಲ. ಶಿರಸಿ, ಸಿದ್ದಾಪುರದ ಕಡೆ ಅಡಿಕೆ, ಕಾಳುಮೆಣಸಿನ ತೋಟಗಳನ್ನು ನೋಡಿ ಹೇಳುವವರಿದ್ದಾರೆ. ಹೊನ್ನಾವರದಲ್ಲಿ ಯಕ್ಷಗಾನದ ಹೆಜ್ಜೆ ಹೇಳಿಕೊಡುವವರಿದ್ದಾರೆ, ಕುಮಟಾದಲ್ಲಿ ರವಿಕೆ ಹೊಲಿಗೆ ಕಲಿಸುವವರು, ಗೋಕರ್ಣದಲ್ಲಿ ಯೋಗ ಶಿಕ್ಷಕರು, ಕಾರವಾರದಲ್ಲಿ ಸಂದರ್ಶನಕ್ಕೆ ತಯಾರು ಮಾಡುವವರು ಇದ್ದಾರೆ. ಇವರಲ್ಲಿ ಹೆಚ್ಚಿನವರ ಆದಾಯಕ್ಕೆ ಮಿತಿ ಹಾಕುವುದು ಜ್ಞಾನವಲ್ಲ, ಘಟ್ಟದ ರಸ್ತೆ. ದಿನಕ್ಕೆ ಎರಡು ಮನೆ ತಿರುಗಿದರೆ ಹೊತ್ತು ಮುಳುಗುತ್ತದೆ. ಆನ್‌ಲೈನ್ ಕೋರ್ಸ್‌ನ ನಿಜವಾದ ಲಾಭ ಆ ರಸ್ತೆಯ ಓಡಾಟ ತಪ್ಪುವುದರಲ್ಲಿದೆ.

ಮುಂದಿನ ಹಂತಗಳನ್ನು ಒಬ್ಬ ಕಾಲ್ಪನಿಕ ತೋಟದ ಸಲಹೆಗಾರರನ್ನು ಮುಂದಿಟ್ಟುಕೊಂಡು ಹೇಳುತ್ತೇನೆ. ಅವರು ಶಿರಸಿಯವರು, ಇಪ್ಪತ್ತು ವರ್ಷದ ಅನುಭವ, ಒಂದು ತೋಟ ನೋಡಿ ಬರಲು 1,500 ರೂಪಾಯಿ ತೆಗೆದುಕೊಳ್ಳುತ್ತಾರೆ ಎಂದಿಟ್ಟುಕೊಳ್ಳಿ. ನಿಮ್ಮ ವಿದ್ಯೆ ಬೇರೆಯಾದರೂ ಲೆಕ್ಕ ಹಾಕುವ ರೀತಿ ಇದೇ.

ಹಂತ 1: ಹಣ ಕೊಡುವವರು ಯಾರು ಎಂದು ಹುಡುಕಿ

ನಮ್ಮ ಸಲಹೆಗಾರರು ‘ಅಡಿಕೆ ಬೆಳೆಗಾರರಿಗೆ ಸಮಗ್ರ ಕೋರ್ಸ್’ ಎಂದು ಹೊರಟರೆ ಏನಾಗುತ್ತದೆ? ಊರಿನಲ್ಲಿರುವ ಬೆಳೆಗಾರರಿಗೆ ತೋಟಗಾರಿಕೆ ಇಲಾಖೆ, ಕೃಷಿ ವಿಜ್ಞಾನ ಕೇಂದ್ರ, ಸಹಕಾರಿ ಸಂಘದ ಕಾರ್ಯಾಗಾರಗಳಿವೆ. ಪಕ್ಕದ ಮನೆಯ ಹಿರಿಯರ ಸಲಹೆ ಪುಕ್ಕಟೆ. ಎದುರಿಗೆ ಸಿಕ್ಕಾಗ ಚಹಾ ಕುಡಿಯುತ್ತ ಕೇಳಬಹುದಾದ ಮಾತಿಗೆ ಅವರು ಮೊಬೈಲಿನಲ್ಲಿ ಹಣ ಕಳುಹಿಸುವುದಿಲ್ಲ. ಕಳುಹಿಸಬೇಕಾಗಿಯೂ ಇಲ್ಲ.

ಆದರೆ ಅದೇ ತೋಟಗಳಿಗೆ ಇನ್ನೊಂದು ಬಗೆಯ ಯಜಮಾನರಿದ್ದಾರೆ. ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮಗ ಅಥವಾ ಮಗಳು. ಊರಿನಲ್ಲಿ ವಯಸ್ಸಾದ ತಂದೆ ತಾಯಿ, ಎರಡೋ ಮೂರೋ ಎಕರೆ ತೋಟ, ಸಿಕ್ಕರೆ ಸಿಕ್ಕರು ಇಲ್ಲದಿದ್ದರೆ ಇಲ್ಲ ಎನ್ನುವಂತಿರುವ ಕೊನೆಗೌಡರು (ಮರ ಹತ್ತಿ ಅಡಿಕೆ ಕೊಯ್ಯುವವರು). ಅಪ್ಪ ಫೋನಿನಲ್ಲಿ ‘ಎಲ್ಲ ಸರಿಯಾಗಿದೆ’ ಎನ್ನುತ್ತಾರೆ. ಚೌತಿಗೆಂದು ಊರಿಗೆ ಬಂದು ತೋಟಕ್ಕೆ ಇಳಿದರೆ ಮರದ ಬುಡದಲ್ಲಿ ಮಳೆಗಾಲದ ಕೊಳೆರೋಗ ಬಂದು ಉದುರಿದ ಅಡಿಕೆ ಹಾಸಿಕೊಂಡಿರುತ್ತದೆ. ಇವರಿಗೆ ನಷ್ಟ ಕಣ್ಣಿಗೆ ಕಾಣುತ್ತಿದೆ, ಕೇಳಲು ಹತ್ತಿರದಲ್ಲಿ ಯಾರೂ ಇಲ್ಲ, ಆನ್‌ಲೈನ್‌ನಲ್ಲಿ ಹಣ ಕೊಟ್ಟು ಕಲಿಯುವ ಅಭ್ಯಾಸ ಈಗಾಗಲೇ ಇದೆ. ಕೋರ್ಸ್ ಇವರಿಗಾಗಿ.

ಈ ಮೂರು ಗುಣ ಒಟ್ಟಿಗೆ ಇರುವವರನ್ನು ನಿಮ್ಮ ಕ್ಷೇತ್ರದಲ್ಲಿ ಹುಡುಕಿ. ಎರಡಿದ್ದು ಒಂದಿಲ್ಲದಿದ್ದರೆ ಮಾರಾಟ ಕಷ್ಟ. ಹೊನ್ನಾವರದ ಯಕ್ಷಗಾನ ಗುರುಗಳಿಗೆ ಇಂಥವರು ಬೆಂಗಳೂರು, ಮುಂಬೈ, ಹೊರದೇಶಗಳಲ್ಲಿರುವ ನಮ್ಮವರು. ಮಗು ಕನ್ನಡವನ್ನೂ ಕುಣಿತವನ್ನೂ ಮರೆಯಬಾರದೆಂಬ ಹಂಬಲ ಅವರದು. ಕಲಿಯುವುದು ಮಗು, ಹಣ ಕೊಡುವುದು ತಾಯಿ ತಂದೆ. ಹಾಗಾಗಿ ಕೋರ್ಸ್‌ನ ಮಾತುಗಳು ತಾಯಿ ತಂದೆಗೆ ತಲುಪಬೇಕು, ಪಾಠ ಮಗುವಿಗೆ ಹಿಡಿಸಬೇಕು. ಇದನ್ನು ಅದಲುಬದಲು ಮಾಡುವವರೇ ಹೆಚ್ಚು.

ಹಂತ 2: ಹತ್ತು ಜನರೊಂದಿಗೆ ಫೋನಿನಲ್ಲಿ ಮಾತನಾಡಿ

‘ನಾನೊಂದು ಕೋರ್ಸ್ ಮಾಡಿದರೆ ಸೇರುತ್ತೀರಾ?’ ಎಂದು ಮಾತ್ರ ಕೇಳಬೇಡಿ. ನಮ್ಮ ಜನ ದಾಕ್ಷಿಣ್ಯದವರು. ‘ಓಹೋ, ಒಳ್ಳೆಯ ಕೆಲಸ, ಮಾಡಿ ಮಾಡಿ’ ಎನ್ನುತ್ತಾರೆ. ಹಣ ಕಟ್ಟುವ ದಿನ ಫೋನ್ ಎತ್ತುವುದಿಲ್ಲ. ಆಗಿಹೋದದ್ದನ್ನು ಕೇಳಿ. ಹೋದ ಮಳೆಗಾಲದಲ್ಲಿ ಏನು ಹಾಳಾಯಿತು? ಗೊತ್ತಾದದ್ದು ಯಾವಾಗ? ಮೊದಲು ಯಾರಿಗೆ ಫೋನ್ ಮಾಡಿದಿರಿ? ಸರಿಮಾಡಲು ಖರ್ಚೆಷ್ಟು ಬಿತ್ತು? ಬಸ್ಸಿನ ಖರ್ಚು, ರಜೆ ಸೇರಿ ಒಮ್ಮೆ ಊರಿಗೆ ಬಂದು ಹೋಗಲು ಎಷ್ಟಾಗುತ್ತದೆ? ಈ ಕೊನೆಯ ಪ್ರಶ್ನೆ ಮುಂದೆ ಬೆಲೆ ಇಡುವಾಗ ನೆರವಿಗೆ ಬರುತ್ತದೆ.

ಅವರ ಮಾತನ್ನು ಅವರ ಮಾತಿನಲ್ಲೇ ಬರೆದಿಟ್ಟುಕೊಳ್ಳಿ. ಸಲಹೆಗಾರರು ‘ಸಮಗ್ರ ರೋಗ ನಿರ್ವಹಣೆ’ ಎಂದು ಬರೆಯುತ್ತಾರೆ. ಬೆಂಗಳೂರಿನ ಮಗಳು ಹೇಳುವುದು, ‘ಮದ್ದು ಹೊಡೆದಿದ್ದಾರೋ ಇಲ್ಲವೋ ಅಂತ ನನಗೆ ಹೇಗೆ ಗೊತ್ತಾಗಬೇಕು?’ ಎಂದು. ಎರಡನೆಯ ವಾಕ್ಯವೇ ನಿಮ್ಮ ಜಾಹೀರಾತು. ಅದನ್ನು ತಿದ್ದಲು ಹೋಗಬೇಡಿ.

ಹತ್ತರಲ್ಲಿ ಆರೇಳು ಮಂದಿ ಒಂದೇ ತೊಂದರೆಯನ್ನು ಹೇಳಿದರೆ ಮುಂದಿನ ಹಂತಕ್ಕೆ ಹೋಗಿ. ಹತ್ತು ಜನ ಹತ್ತು ತೊಂದರೆ ಹೇಳಿದರೆ ನೀವು ಆರಿಸಿದ ಗುಂಪು ದೊಡ್ಡದಾಯಿತು ಎಂದರ್ಥ. ಅದನ್ನು ಇನ್ನಷ್ಟು ಕಿರಿದು ಮಾಡಿ.

ಹಂತ 3: ಒಂದು ಫಲ, ಒಂದು ದಿನಾಂಕ

ಕೋರ್ಸ್ ಮುಗಿದ ದಿನ ಕಲಿತವರ ಕೈಯಲ್ಲಿ ಏನಿರುತ್ತದೆ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆಯಿರಿ. ನಮ್ಮ ಸಲಹೆಗಾರರ ವಾಕ್ಯ ಹೀಗಿರಬಹುದು: ‘ಮೇ ಕೊನೆಯೊಳಗೆ ನಿಮ್ಮ ತೋಟದ ಮಳೆಗಾಲದ ಕೆಲಸದ ಪಟ್ಟಿ, ಆಳು ಮತ್ತು ಮದ್ದಿನ ಖರ್ಚಿನ ಲೆಕ್ಕ, ಊರಿನಿಂದ ವಾರವಾರ ಯಾವ ಫೋಟೊ ತರಿಸಬೇಕೆಂಬ ವ್ಯವಸ್ಥೆ ಸಿದ್ಧವಾಗಿರುತ್ತದೆ.’

ಇಲ್ಲಿ ಇಳುವರಿಯ ಮಾತಿಲ್ಲ, ಅಡಿಕೆಯ ದರದ ಮಾತಿಲ್ಲ ಎಂಬುದನ್ನು ಗಮನಿಸಿ. ಮಳೆ ನಿಮ್ಮ ಕೈಯಲ್ಲಿಲ್ಲ, ಮಾರುಕಟ್ಟೆಯೂ ಇಲ್ಲ. ಕಲಿಯುವವರು ತಾವೇ ಮಾಡಿ ಮುಗಿಸಬಹುದಾದದ್ದಕ್ಕೆ ಮಾತ್ರ ಮಾತು ಕೊಡಿ. ಕಾರವಾರದಲ್ಲಿ ಕೈಗಾ ಅಣುವಿದ್ಯುತ್ ಸ್ಥಾವರ, ನೌಕಾನೆಲೆಯ ಕೆಲಸಗಳಿಗೆ ಸಂದರ್ಶನದ ತರಬೇತಿ ಕೊಡುವವರು ‘ಆಯ್ಕೆ ಖಚಿತ’ ಎಂದು ಬರೆದರೆ ಅದು ಬರೀ ಅತಿಮಾತಾಗಿ ಉಳಿಯುವುದಿಲ್ಲ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಕೋಚಿಂಗ್ ಜಾಹೀರಾತುಗಳಿಗೆ ಮಾರ್ಗಸೂಚಿ ಹೊರಡಿಸಿದೆ. ಖಚಿತ ಆಯ್ಕೆಯಂಥ ಭರವಸೆಗಳನ್ನು ಅದು ತಡೆಯುತ್ತದೆ. ಯಶಸ್ವಿಯಾದ ಅಭ್ಯರ್ಥಿಯ ಹೆಸರು, ಫೋಟೊ ಬಳಸಲು ಅವರ ಲಿಖಿತ ಒಪ್ಪಿಗೆ ಬೇಕೆನ್ನುತ್ತದೆ. ಷೇರು, ಹೂಡಿಕೆಯ ಸಲಹೆ ಕೊಡುವವರಿಗೆ ಷೇರುಪೇಟೆಯ ನಿಯಂತ್ರಕ ಸಂಸ್ಥೆ ಸೆಬಿಯ ನೋಂದಣಿಯ ನಿಯಮ ಬೇರೆಯೇ ಇದೆ. ಅದಿಲ್ಲದೆ ‘ಇದನ್ನು ಕೊಳ್ಳಿ, ಅದನ್ನು ಮಾರಿ’ ಎಂಬ ಕೋರ್ಸ್‌ಗೆ ಕೈಹಾಕಬೇಡಿ.

ದಿನಾಂಕವನ್ನು ನಮ್ಮ ನೆಲದ ಪಂಚಾಂಗವೇ ಹೇಳುತ್ತದೆ. ಕೊಳೆರೋಗಕ್ಕೆ ಮೊದಲ ಸಿಂಪಡಣೆ ಮಳೆ ಹಿಡಿಯುವ ಮುಂಚೆ ಆಗಬೇಕು, ಎರಡನೆಯದು ಸುಮಾರು 40-45 ದಿನಗಳ ನಂತರ. ಕರಾವಳಿಗೆ ಮುಂಗಾರು ಸಾಮಾನ್ಯವಾಗಿ ಬರುವುದು ಜೂನ್ ಮೊದಲ ವಾರದ ಹೊತ್ತಿಗೆ. ಅಂದರೆ ತೋಟದ ಕೋರ್ಸ್ ಏಪ್ರಿಲ್ ಮಧ್ಯದಲ್ಲಿ ಶುರುವಾಗಿ ಮೇ ಕೊನೆಗೆ ಮುಗಿಯಬೇಕು, ಪ್ರವೇಶ ಮಾರ್ಚ್‌ನಲ್ಲಿ. ಇದರಲ್ಲಿ ಇನ್ನೊಂದು ಅನುಕೂಲವಿದೆ. ಮೇ ರಜೆಗೆ ಮಕ್ಕಳನ್ನು ಕರೆದುಕೊಂಡು ಎಲ್ಲರೂ ಊರಿಗೆ ಬರುತ್ತಾರೆ. ಕೋರ್ಸ್‌ನ ಆ ವಾರದ ಮನೆಕೆಲಸವನ್ನು ತೋಟದಲ್ಲಿ ನಿಂತೇ ಮಾಡಬಹುದು. ಅದೇ ಕೋರ್ಸ್ ಅಕ್ಟೋಬರ್‌ನಲ್ಲಿ ಮಾರಲು ಹೊರಟರೆ ಅಡಿಕೆ ಉದುರಿ ಮುಗಿದಿರುತ್ತದೆ, ಕೊಳ್ಳುವವರ ಆತುರವೂ ಅದರೊಂದಿಗೆ ಉದುರಿರುತ್ತದೆ.

ಯಕ್ಷಗಾನ ಗುರುಗಳ ಪಂಚಾಂಗ ಇದಕ್ಕೆ ತದ್ವಿರುದ್ಧ. ಮೇಳದ ತಿರುಗಾಟದ ದಿನಗಳಲ್ಲಿ ಅವರಿಗೆ ಬಿಡುವಿಲ್ಲ, ಮಳೆಗಾಲದಲ್ಲಿ ಬಿಡುವಿದೆ. ಜೂನ್‌ನಲ್ಲಿ ಶುರುಮಾಡಿ, ‘ಚೌತಿಗೆ ನಿಮ್ಮ ಮಗು ಬಾಲಗೋಪಾಲ ವೇಷದ ಕುಣಿತವನ್ನು ಮನೆಯವರೆದುರು ಕುಣಿದು ತೋರಿಸುತ್ತದೆ’ ಎಂದರೆ ಫಲವೂ ದಿನಾಂಕವೂ ಒಂದೇ ವಾಕ್ಯದಲ್ಲಿ ಬಂದವು.

ಹಂತ 4: ಕೊನೆಯಿಂದ ಹಿಂದಕ್ಕೆ ಪಾಠ ಕಟ್ಟಿ

ಗೊತ್ತಿರುವುದನ್ನೆಲ್ಲ ಹೇಳಿಬಿಡಬೇಕೆಂಬ ಆಸೆ ಅನುಭವಿಗಳನ್ನು ಬಿಡುವುದಿಲ್ಲ. ಅಡಿಕೆಯ ಇತಿಹಾಸದಿಂದ ಶುರುಮಾಡಿ ತಳಿ, ಮಣ್ಣು, ಗೊಬ್ಬರ, ನೀರಾವರಿ ದಾಟಿ ಕೊಳೆರೋಗಕ್ಕೆ ಬರುವಷ್ಟರಲ್ಲಿ ಕಲಿಯುವವರು ಕಾಲು ಕಿತ್ತಿರುತ್ತಾರೆ. ಫಲದ ವಾಕ್ಯವನ್ನು ಎದುರಿಗಿಟ್ಟುಕೊಂಡು, ಅದಕ್ಕೆ ನೇರವಾಗಿ ಬೇಕಿಲ್ಲದ ಪಾಠವನ್ನು ತೆಗೆದುಹಾಕಿ. ಎಷ್ಟೇ ಚೆನ್ನಾಗಿದ್ದರೂ.

ನಮ್ಮ ಸಲಹೆಗಾರರ ಆರು ವಾರ ಹೀಗೆ ಸಾಗಬಹುದು. ಮೊದಲ ವಾರ ತೋಟದ ನಕ್ಷೆ ಮತ್ತು ಮರಗಳ ಲೆಕ್ಕ. ಎರಡನೇ ವಾರ ಬಸಿಗಾಲುವೆ, ನೆರಳು, ಹೋದ ವರ್ಷ ಕೊಳೆ ಹೆಚ್ಚು ಬಂದ ಜಾಗ. ಮೂರು ಮತ್ತು ನಾಲ್ಕನೇ ವಾರ ಸಿಂಪಡಣೆ: ಮದ್ದು, ಆಳು, ದಿನ ನಿಗದಿ. ಐದರಲ್ಲಿ ಕಾಳುಮೆಣಸಿನ ಸೊರಗು ರೋಗ, ಏಕೆಂದರೆ ಬಳ್ಳಿ ಅದೇ ಮರಕ್ಕೆ ಹಬ್ಬಿರುತ್ತದೆ. ಆರರಲ್ಲಿ ಫೋಟೊ ವ್ಯವಸ್ಥೆ ಮತ್ತು ಇಡೀ ಯೋಜನೆಯ ಪರಿಶೀಲನೆ.

ಒಂದು ಪಾಠವನ್ನು ಹತ್ತಿರದಿಂದ ನೋಡೋಣ. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣ ಮಾಡುವುದು ಹೇಗೆಂದು ಯಾರಾದರೂ ಹೇಳುತ್ತಾರೆ. ಶೇಕಡಾ ಒಂದರ ದ್ರಾವಣಕ್ಕೆ ಒಂದು ಕಿಲೋ ಮೈಲುತುತ್ತವನ್ನು (ತಾಮ್ರದ ಸಲ್ಫೇಟ್) 50 ಲೀಟರ್ ನೀರಿನಲ್ಲಿ, ಒಂದು ಕಿಲೋ ಸುಣ್ಣವನ್ನು ಇನ್ನೊಂದು 50 ಲೀಟರ್‌ನಲ್ಲಿ ಬೇರೆಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕದಡುತ್ತ ಸುರಿಯುವುದು. ಕಬ್ಬಿಣದ ಪಾತ್ರೆ ಬೇಡ, ಪ್ಲಾಸ್ಟಿಕ್ ಡ್ರಮ್ ಇರಲಿ. ಮಾಡಿದ ದಿನವೇ ಬಳಸಿ ಮುಗಿಸಬೇಕು. ಇಷ್ಟು ಯೂಟ್ಯೂಬ್‌ನಲ್ಲಿ ಪುಕ್ಕಟೆಯಾಗಿ ಸಿಗುತ್ತದೆ. ಇದನ್ನೇ ಮತ್ತೆ ಹೇಳಿ ಹಣ ಕೇಳಿದರೆ ಯಾರೂ ಕೊಡುವುದಿಲ್ಲ, ಕೊಡಲೂಬಾರದು.

ಬೆಂಗಳೂರಿನಲ್ಲಿರುವ ಮಗಳಿಗೆ ಬೇಕಾದ ಪಾಠ ಬೇರೆ. ದ್ರಾವಣದಲ್ಲಿ ಹರಿತದ ಕತ್ತಿಯನ್ನು ಒಂದೆರಡು ನಿಮಿಷ ಅದ್ದಿಟ್ಟು ತೆಗೆದಾಗ ಅಲಗಿನ ಮೇಲೆ ಕೆಂಪು ತಾಮ್ರದ ಲೇಪ ಕಂಡರೆ ಸುಣ್ಣ ಸಾಲದು ಎಂದರ್ಥ. ಅಲಗು ಹಾಗೆಯೇ ಇದ್ದರೆ ಸಿಂಪಡಣೆಗೆ ಸಿದ್ಧ. ಹಾಗಾದರೆ ಸಿಂಪಡಣೆಯ ಬೆಳಿಗ್ಗೆ ಅವಳು ಅಪ್ಪನಿಗೆ ಹೇಳಬೇಕಾದದ್ದು ಇಷ್ಟೇ: ‘ಅಪ್ಪಾ, ಕತ್ತಿ ಅದ್ದಿ ತೆಗೆದು ಒಂದು ಫೋಟೊ ಕಳುಹಿಸಿ.’ ಲೇಪವಿರುವ ಅಲಗು, ಇಲ್ಲದ ಅಲಗು ಎರಡರ ಚಿತ್ರವನ್ನೂ ನೀವು ಪಾಠದಲ್ಲಿ ತೋರಿಸಿದ್ದರೆ ಸುಮಾರು ನಾನೂರು ಕಿಲೋಮೀಟರ್ ದೂರದಲ್ಲಿ ಕುಳಿತೇ ಅವಳು ದ್ರಾವಣವನ್ನು ಪರೀಕ್ಷೆ ಮಾಡಿದಂತಾಯಿತು. ಎರಡು ನಿಮಿಷದ ವಿಡಿಯೊ, ಒಂದು ಫೋಟೊ ಜೋಡಿ, ಒಂದು ವಾಕ್ಯ. ಯಾರಿಗಾಗಿ ಕಲಿಸುತ್ತಿದ್ದೇವೆ ಎಂಬುದು ಗೊತ್ತಿದ್ದಾಗ ಅದೇ ಮಾಹಿತಿಗೆ ಬೆಲೆ ಬರುವುದು ಹೀಗೆ.

ಪ್ರತಿ ವಾರದ ಕೊನೆಗೆ ಕಲಿಯುವವರು ಏನನ್ನಾದರೂ ಮಾಡಿ ನಿಮಗೆ ಕಳುಹಿಸಬೇಕು: ನಕ್ಷೆ, ಲೆಕ್ಕದ ಹಾಳೆ, ಫೋಟೊ. ಕಳುಹಿಸಲು ಏನೂ ಇಲ್ಲದ ವಾರ ಪಾಠದ ವಾರವಲ್ಲ, ಭಾಷಣದ ವಾರ.

ಹಂತ 5: ಮೊದಲ ತಂಡಕ್ಕೆ ನೇರ ತರಗತಿ, ರೆಕಾರ್ಡಿಂಗ್ ಆಮೇಲೆ

ಆರು ವಾರದ ವಿಡಿಯೊಗಳನ್ನೆಲ್ಲ ಮೊದಲೇ ಚಿತ್ರೀಕರಿಸಿ ಆಮೇಲೆ ಕೊಳ್ಳುವವರನ್ನು ಹುಡುಕುವುದು ತಲೆಕೆಳಗಾದ ಕ್ರಮ. ಮೊದಲ ತಂಡಕ್ಕೆ ವಾರಕ್ಕೊಮ್ಮೆ ಒಂದೂವರೆ ಗಂಟೆ ನೇರವಾಗಿ ಪಾಠ ಮಾಡಿ. ಎಲ್ಲಿ ಪ್ರಶ್ನೆ ಬರುತ್ತದೆ, ಎಲ್ಲಿ ಎಲ್ಲರೂ ಮೌನವಾಗುತ್ತಾರೆ ಎಂಬುದು ಆಗ ತಿಳಿಯುತ್ತದೆ. ರೆಕಾರ್ಡ್ ಮಾಡಬೇಕಾದ ವಿಡಿಯೊಗಳ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಭಾನುವಾರ ಸಂಜೆ ಒಳ್ಳೆಯದು. ಜೂಮ್‌ನ ಉಚಿತ ಆವೃತ್ತಿ 40 ನಿಮಿಷಕ್ಕೆ, ಗೂಗಲ್ ಮೀಟ್‌ನ ಉಚಿತ ಗುಂಪು ಕರೆ 60 ನಿಮಿಷಕ್ಕೆ ನಿಲ್ಲುತ್ತದೆ. ಹಣ ತೆಗೆದುಕೊಂಡ ಮೇಲೆ ನಡುವೆ ಕಡಿದುಹೋಗುವ ಕರೆ ಶೋಭೆಯಲ್ಲ. ಎರಡು ತಿಂಗಳಿಗೆ ಹಣ ಕೊಟ್ಟು ತೆಗೆದುಕೊಳ್ಳಿ.

ನಮ್ಮ ಕಡೆಯ ತೊಂದರೆಗಳನ್ನು ಮೊದಲೇ ಎಣಿಸಿ. ಏಪ್ರಿಲ್, ಮೇ ತಿಂಗಳ ಸಂಜೆಗಳಲ್ಲಿ ಗುಡುಗಿದರೆ ಕರೆಂಟು ಹೋಗುತ್ತದೆ, ಅದರ ಹಿಂದೆಯೇ ಟವರ್. ಇನ್ವರ್ಟರ್ ಜೊತೆಗೆ ಇನ್ನೊಂದು ಕಂಪನಿಯ ಸಿಮ್ ಇರಲಿ. ತರಗತಿ ಕಡಿದರೆ ಯಾವ ದಿನ ಮತ್ತೆ ನಡೆಯುತ್ತದೆ ಎಂಬುದನ್ನು ಪ್ರವೇಶದ ಕಾಗದದಲ್ಲೇ ಬರೆದಿಡಿ. ಶಿರಸಿಯವರಾದರೆ ಮಾರಿಕಾಂಬಾ ಜಾತ್ರೆಯ ವರ್ಷ ಆ ವಾರಕ್ಕೆ ಏನನ್ನೂ ಇಟ್ಟುಕೊಳ್ಳಬೇಡಿ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಯನ್ನು ಬಿಟ್ಟು ನಿಮ್ಮ ಪರದೆ ನೋಡಲು ಯಾರೂ ಕೂರುವುದಿಲ್ಲ. ಆದರೆ ಹೊರಗಿರುವವರೆಲ್ಲ ಊರಿಗೆ ಬರುವುದರಿಂದ ಮುಖತಃ ಭೇಟಿಗೆ ಅದಕ್ಕಿಂತ ಒಳ್ಳೆಯ ಸಮಯವೂ ಇಲ್ಲ.

ಕೆಲವು ವಿದ್ಯೆಗಳಿಗೆ ನೇರ ಕರೆಯೇ ಶತ್ರು. ಯಕ್ಷಗಾನದಲ್ಲಿ ಗುರುಗಳ ತಾಳವೂ ಶಿಷ್ಯರ ಹೆಜ್ಜೆಯೂ ಕ್ಷಣಮಾತ್ರ ತಪ್ಪಿದರೆ ಕುಣಿತ ಕೆಡುತ್ತದೆ. ಇಂಟರ್ನೆಟ್ ಕರೆಯಲ್ಲಿ ಆ ವಿಳಂಬ ತಪ್ಪಿದ್ದಲ್ಲ. ಹಾಗಾಗಿ ಮದ್ದಳೆ, ತಾಳದ ಧ್ವನಿಮುದ್ರಣವನ್ನು ಮೊದಲೇ ಕಳುಹಿಸಿ, ಮಗು ಮನೆಯಲ್ಲಿ ಅದಕ್ಕೆ ಕುಣಿದು ವಿಡಿಯೊ ತೆಗೆದು ಕಳುಹಿಸಲಿ. ನೇರ ತರಗತಿ ತಿದ್ದುವುದಕ್ಕೆ, ಮಾತಿಗೆ, ಅರ್ಥಗಾರಿಕೆಗೆ.

ಕ್ಯಾಮೆರಾದ ವಿಷಯ. ನಿಮ್ಮ ಮೊಬೈಲ್ ಸಾಕು, ಜೊತೆಗೆ ಒಂದು ಸ್ಟ್ಯಾಂಡ್, ಕಾಲರಿಗೆ ಸಿಕ್ಕಿಸುವ ಮೈಕ್. ಚಿತ್ರ ಸ್ವಲ್ಪ ಮಸುಕಾದರೂ ಜನ ಸಹಿಸುತ್ತಾರೆ, ಜೀರುಂಡೆಯ ಸದ್ದಿನಲ್ಲಿ ಮಾತು ಕೇಳದಿದ್ದರೆ ಸಹಿಸುವುದಿಲ್ಲ. ವಿಡಿಯೊ ಏಳೆಂಟು ನಿಮಿಷ ಮೀರದಿರಲಿ. ಆ್ಯಪ್‌ನ ವಿಷಯ: ಮೊದಲ ತಂಡಕ್ಕೆ ವಾಟ್ಸ್‌ಆ್ಯಪ್ ಗುಂಪು ಮತ್ತು ಕೊಂಡಿ (ಲಿಂಕ್) ಇದ್ದವರಿಗಷ್ಟೇ ಕಾಣುವ ಯೂಟ್ಯೂಬ್ ವಿಡಿಯೊಗಳು ಸಾಕು. ಕೊಂಡಿ ಹೊರಗೆ ಹೋಗಬಹುದು, ನಿಜ. ಆದರೆ ಕಲಿಯುವವರು ಹಣ ಕೊಡುತ್ತಿರುವುದು ನೀವು ಅವರ ನಕ್ಷೆ ನೋಡಿ ತಿದ್ದುವುದಕ್ಕೆ. ಅದನ್ನು ಯಾರೂ ಕದ್ದು ಹಂಚಲಾರರು.

ಹಂತ 6: ಬೆಲೆ

ಈ ಹಂತದಲ್ಲಿ ಎಲ್ಲರೂ ತಡವರಿಸುತ್ತಾರೆ. ಪರಿಚಯದವರ ಹತ್ತಿರ ಹಣ ಕೇಳುವ ಸಂಕೋಚ ಒಂದು ಕಡೆ. ಇನ್ನೊಂದು ಕಡೆ 499 ರೂಪಾಯಿಯ ಕೋರ್ಸ್‌ಗಳ ಜಾಹೀರಾತು ನೋಡಿ ಹುಟ್ಟುವ ಅಂಜಿಕೆ. ಸಂಕೋಚ ಬಿಟ್ಟು ಕಾಗದ ಪೆನ್ನು ತೆಗೆದುಕೊಳ್ಳಿ.

ಈಗಿನ ಸಂಪಾದನೆಯಿಂದ ಶುರುಮಾಡಿ. ಒಂದು ತೋಟದ ಭೇಟಿಗೆ 1,500 ರೂಪಾಯಿ. ಹೋಗಿ ಬರುವುದು ಸೇರಿ ಐದು ಗಂಟೆ, ಪೆಟ್ರೋಲಿಗೆ 250. ಉಳಿಯುವುದು 1,250, ಅಂದರೆ ಗಂಟೆಗೆ 250 ರೂಪಾಯಿ. ಕೋರ್ಸ್ ಇದಕ್ಕಿಂತ ಹೆಚ್ಚು ಕೊಡದಿದ್ದರೆ ಬೈಕೇ ವಾಸಿ.

ಈಗ ಕೋರ್ಸ್‌ಗೆ 4,500 ರೂಪಾಯಿ ಇಟ್ಟು 18 ಜನ ಸೇರಿದರೆಂದುಕೊಳ್ಳಿ. ಒಟ್ಟು 81,000. ಆನ್‌ಲೈನ್ ಹಣವನ್ನು ನಿಮ್ಮ ಖಾತೆಗೆ ತಲುಪಿಸುವ ಪಾವತಿ ಗೇಟ್‌ವೇಯ ಶುಲ್ಕ ಶೇಕಡಾ 2, ಅದರ ಮೇಲೆ ಜಿಎಸ್‌ಟಿ ಎಂದು ಹಿಡಿದರೆ ಸುಮಾರು 1,912. ವಾಟ್ಸ್‌ಆ್ಯಪ್ ಗುಂಪು ನೋಡಿಕೊಳ್ಳಲು, ಕಳುಹಿಸಿದ್ದನ್ನು ಜೋಡಿಸಿಡಲು ಒಬ್ಬ ಸಹಾಯಕರಿಗೆ 6,000. ಮೈಕ್, ಸ್ಟ್ಯಾಂಡ್‌ಗೆ 3,000, ಕರೆಯ ಆ್ಯಪ್‌ಗೆ 3,000, ಚಿತ್ರೀಕರಣದ ಓಡಾಟಕ್ಕೆ 2,000. ಖರ್ಚೆಲ್ಲ ಸೇರಿ 15,912. ಕೈಯಲ್ಲಿ ಉಳಿಯುವುದು 65,088. ಸಮಯ? ಪಾಠದ ತಯಾರಿ, ತರಗತಿ, ಪ್ರಶ್ನೆಗಳಿಗೆ ಉತ್ತರ, ಮಾರಾಟದ ಫೋನ್ ಕರೆ ಎಲ್ಲ ಸೇರಿ ಮೊದಲ ತಂಡಕ್ಕೆ 100 ಗಂಟೆ ಬೇಕೆನ್ನಿ. ಗಂಟೆಗೆ ಸುಮಾರು 650 ರೂಪಾಯಿ.

ಎರಡನೇ ತಂಡದಲ್ಲಿ ಲಾಭ ಮೇಲೇರುತ್ತದೆ. ಪಾಠ ಸಿದ್ಧವಿದೆ, ಮೈಕ್ ಇದೆ, ಚಿತ್ರೀಕರಣವೂ ಆಗಿದೆ. ಅಲ್ಲಿ ಉಳಿದ 5,000ವನ್ನು ಜಾಹೀರಾತಿಗೆ ಹಾಕಿದರೂ ಕೈಗೆ ಬರುವ ಹಣ ಅಷ್ಟೇ, ಆದರೆ ಗಂಟೆಗಳು 60ಕ್ಕೆ ಇಳಿಯುತ್ತವೆ. ಗಂಟೆಗೆ ಸುಮಾರು 1,085 ರೂಪಾಯಿ.

ಇದೇ ಲೆಕ್ಕವನ್ನು ಕೆಳಮುಖವಾಗಿಯೂ ಹಾಕಿ. ಎಂಟೇ ಜನ ಸೇರಿದರೆ 36,000 ಬರುತ್ತದೆ, ಖರ್ಚು ಕಳೆದು ಸುಮಾರು 21,150. ನೂರು ಗಂಟೆಗೆ ಹಂಚಿದರೆ ಗಂಟೆಗೆ 211. ಬೈಕಿಗಿಂತ ಕಡಿಮೆ. ಹತ್ತು ಜನರಾದರೆ ಗಂಟೆಗೆ ಸುಮಾರು 300. ಹಾಗಾಗಿ ಈ ಕೋರ್ಸ್‌ನ ಕೆಳಗಿನ ಗೆರೆ ಹತ್ತು. ನಿಮ್ಮ ಅಂಕಿಗಳನ್ನು ಹಾಕಿ ನಿಮ್ಮ ಗೆರೆಯನ್ನು ಪ್ರವೇಶ ತೆರೆಯುವ ಮೊದಲೇ ಎಳೆದಿಟ್ಟುಕೊಳ್ಳಿ.

4,500 ಹೆಚ್ಚಾಯಿತೆ? ಎರಡನೇ ಹಂತದಲ್ಲಿ ಕೇಳಿದ ಪ್ರಶ್ನೆ ನೆನಪಿರಲಿ. ಬೆಂಗಳೂರಿನಿಂದ ಕುಟುಂಬಸಮೇತ ಒಮ್ಮೆ ಊರಿಗೆ ಬಂದು ಹೋಗಲು ತಗಲುವ ಖರ್ಚನ್ನು ಅವರೇ ಹೇಳಿರುತ್ತಾರೆ. ಬೆಲೆ ಅದರೊಂದಿಗೆ ತೂಗಬೇಕು, 499ರ ಕೋರ್ಸ್‌ನೊಂದಿಗಲ್ಲ. ನನ್ನ ಅಭಿಪ್ರಾಯದಲ್ಲಿ ಒಬ್ಬರೇ ನಡೆಸುವ ಸಣ್ಣ ಕೋರ್ಸ್‌ಗೆ ಅಗ್ಗದ ಬೆಲೆಯೇ ಅತಿ ಅಪಾಯದ ಬೆಲೆ. ಜನ ಸೇರುತ್ತಾರೆ, ಮನೆಕೆಲಸ ಮಾಡುವುದಿಲ್ಲ, ಫಲ ಕಾಣುವುದಿಲ್ಲ, ಹೊಗಳುವುದೂ ಇಲ್ಲ.

ಎರಡು ಬೆಲೆ ಇಡುವುದಾದರೆ ಎರಡೇ ಇರಲಿ: ಬರೀ ಕೋರ್ಸ್, ಮತ್ತು ಕೋರ್ಸ್ ಜೊತೆಗೆ ನೀವೇ ತೋಟಕ್ಕೆ ಒಂದು ಭೇಟಿ. ಎರಡನೆಯದಕ್ಕೆ ಐದೇ ಸ್ಥಾನ. ಕಂತಿನಲ್ಲಿ ಕೇಳಿದವರಿಗೆ ಎರಡು ಕಂತು ಕೊಡಿ, ಎರಡನೆಯದು ಮೂರನೇ ವಾರದೊಳಗೆ. ಮೊದಲ ಎರಡು ತರಗತಿ ಮುಗಿಯುವವರೆಗೆ ಬೇಡವೆಂದವರಿಗೆ ಪೂರ್ತಿ ಹಣ ವಾಪಸ್, ಆಮೇಲೆ ಇಲ್ಲ. ಇದನ್ನು ಬರವಣಿಗೆಯಲ್ಲಿ ಕೊಡಿ.

ತೆರಿಗೆಯನ್ನು ಮರೆತು ಬೆಲೆ ಇಡಬೇಡಿ. ಸೇವೆಗಳಿಗೆ ಕರ್ನಾಟಕದಲ್ಲಿ ಜಿಎಸ್‌ಟಿ ನೋಂದಣಿಯ ಮಿತಿ ವರ್ಷಕ್ಕೆ 20 ಲಕ್ಷ ರೂಪಾಯಿ ವಹಿವಾಟು. ನಿಮ್ಮ ಪಾನ್ ಹೆಸರಿನಲ್ಲಿರುವ ವ್ಯವಹಾರಗಳನ್ನೆಲ್ಲ ಕೂಡಿಸಿ ಎಣಿಸುತ್ತಾರೆ. ನೋಂದಣಿ ಆದ ಮೇಲೆ ತೆರಿಗೆ ಬೀಳುವ ತರಬೇತಿಗೆ ಶೇಕಡಾ 18. ಆಗಲೂ 4,500 ಎಂದೇ ಹೇಳಿ ತೆರಿಗೆಯನ್ನು ಅದರೊಳಗೇ ಕಟ್ಟಿದರೆ ನಿಮಗೆ ಉಳಿಯುವುದು ಸುಮಾರು 3,814. ಒಮ್ಮೆ ನಿಮ್ಮ ಲೆಕ್ಕಪರಿಶೋಧಕರ ಹತ್ತಿರ ಕುಳಿತು ಎದ್ದು ಬನ್ನಿ.

ಹಂತ 7: ಮಾರಾಟ

ಮೊದಲ ತಂಡಕ್ಕೆ ಜಾಹೀರಾತು ಬೇಡ. ಎರಡನೇ ಹಂತದಲ್ಲಿ ಮಾತನಾಡಿದ ಹತ್ತು ಜನ, ಈವರೆಗೆ ನೀವು ಕಾಲಿಟ್ಟ ತೋಟಗಳ ಯಜಮಾನರು, ಅವರ ಮಕ್ಕಳು. ಪಟ್ಟಿ ಮಾಡಿದರೆ ನೂರು ಹೆಸರು ಸಿಗುವುದು ಕಷ್ಟವಲ್ಲ. ಎಲ್ಲರಿಗೂ ಒಂದೇ ಪೋಸ್ಟರ್ ಕಳುಹಿಸಿ ಕೂರಬೇಡಿ. ಬೆಳಗಿನ ಶುಭೋದಯದ ಚಿತ್ರಗಳ ಜೊತೆ ಅದೂ ಅಳಿಸಿಹೋಗುತ್ತದೆ. ಒಬ್ಬೊಬ್ಬರಿಗೂ ಬರೆಯಿರಿ. ಹೀಗೆ:

‘ನಮಸ್ಕಾರ. ಹೋದ ವರ್ಷ ನಿಮ್ಮ ತೋಟಕ್ಕೆ ಬಂದಾಗ ಎರಡನೇ ಮದ್ದು ತಡವಾದದ್ದನ್ನು ನಿಮ್ಮ ತಂದೆಯವರು ಹೇಳಿದ್ದರು. ಹೊರಗಿದ್ದು ತೋಟ ನೋಡಿಕೊಳ್ಳುವವರಿಗಾಗಿ ಏಪ್ರಿಲ್‌ನಿಂದ ಆರು ಭಾನುವಾರ ಸಂಜೆ ಆನ್‌ಲೈನ್ ತರಗತಿ ನಡೆಸುತ್ತಿದ್ದೇನೆ. ಮುಗಿಯುವಾಗ ನಿಮ್ಮದೇ ತೋಟದ ಮಳೆಗಾಲದ ಯೋಜನೆ ಸಿದ್ಧವಾಗಿರುತ್ತದೆ. ಶುಲ್ಕ 4,500 ರೂಪಾಯಿ, 18 ಜನರಿಗೆ ಮಾತ್ರ. ನಿಮಗೆ ಉಪಯೋಗವಾದೀತು ಅನ್ನಿಸಿದರೆ ತಿಳಿಸಿ, ಫೋನ್ ಮಾಡುತ್ತೇನೆ. ಬೇಡವಾದರೂ ತೊಂದರೆಯಿಲ್ಲ.’

ಹಣದ ಅಂಕಿಯನ್ನು ಅಡಗಿಸಿಡಬೇಡಿ. ‘ಶುಲ್ಕಕ್ಕೆ ಸಂಪರ್ಕಿಸಿ’ ಎಂದು ಬರೆದರೆ ಸಂಪರ್ಕಿಸುವವರು ಕಡಿಮೆ. 18 ಎಂದರೆ 18ಕ್ಕೇ ನಿಲ್ಲಿಸಿ. ಊರು ಚಿಕ್ಕದು, ಮಾತು ತಪ್ಪಿದ್ದು ಬೇಗ ಗೊತ್ತಾಗುತ್ತದೆ.

ಒಂದು ಉಚಿತ ಉಪನ್ಯಾಸವನ್ನೂ ಇಟ್ಟುಕೊಳ್ಳಿ, ಮಾರ್ಚ್‌ನ ಒಂದು ಸಂಜೆ, ಮುಕ್ಕಾಲು ಗಂಟೆ. ಅಲ್ಲಿ ಕತ್ತಿ ಅದ್ದಿ ನೋಡುವ ಪಾಠವನ್ನು ಪೂರ್ತಿಯಾಗಿ ಹೇಳಿ, ಅರ್ಧಕ್ಕೆ ನಿಲ್ಲಿಸಿ ‘ಉಳಿದದ್ದು ಕೋರ್ಸ್‌ನಲ್ಲಿ’ ಎನ್ನಬೇಡಿ. ಒಂದು ಪಾಠ ಇಷ್ಟು ಕೆಲಸಕ್ಕೆ ಬಂತಲ್ಲ ಎಂದು ಅನ್ನಿಸಿದವರು ಉಳಿದ ಐದು ವಾರಕ್ಕೆ ಬರುತ್ತಾರೆ.

ತಂಡ ಮುಗಿದ ಮೇಲೆ ಒಬ್ಬೊಬ್ಬರನ್ನೂ ಕೇಳಿ: ಏನು ಬದಲಾಯಿತು, ಯಾವ ಪಾಠ ಬೇಕಿರಲಿಲ್ಲ? ಆದರೆ ತೋಟದ ಕೋರ್ಸ್‌ನ ನಿಜವಾದ ಸಾಕ್ಷಿ ಮೇ ತಿಂಗಳಲ್ಲಿ ಸಿಗುವುದಿಲ್ಲ. ಚೌತಿಯ ಹೊತ್ತಿಗೆ, ಎರಡನೇ ಮದ್ದು ಮುಗಿದು ಅವರು ತೋಟ ಕಂಡ ಮೇಲೆ ಮತ್ತೊಮ್ಮೆ ಫೋನ್ ಮಾಡಿ. ಅವರ ಮಾತನ್ನು ಹೆಸರಿನೊಂದಿಗೆ ಬಳಸಲು ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ. ಕೊಯ್ಲಿನ ಕಾಲಕ್ಕೆ ಆಳಿನ ವ್ಯವಸ್ಥೆ, ಸುಲಿದು ಬೇಯಿಸಿ ಕೆಂಪಡಿಕೆ ಮಾಡುವುದೋ ಒಣಗಿಸಿ ಚಾಲಿ ಮಾಡುವುದೋ ಎಂಬ ತೀರ್ಮಾನ ಇವೆಲ್ಲ ಆಗ ಅವರ ತಲೆಯಲ್ಲಿರುತ್ತವೆ. ಎರಡನೇ ಕೋರ್ಸ್‌ನ ವಿಷಯವನ್ನು ಅವರೇ ಹೇಳಿಬಿಡುತ್ತಾರೆ. ಹಳೆಯ ವಿದ್ಯಾರ್ಥಿಗೆ ಮತ್ತೆ ಮಾರುವುದಕ್ಕೆ ಜಾಹೀರಾತಿನ ಖರ್ಚಿಲ್ಲ ಎಂಬುದನ್ನು ಲೆಕ್ಕದ ಹಾಳೆಯಲ್ಲಿ ಸೇರಿಸಿಕೊಳ್ಳಿ.

ಪ್ರವೇಶದ ಕೊನೆಯ ದಿನ ಹಣ ಕಟ್ಟಿದವರು ಹತ್ತಕ್ಕಿಂತ ಕಡಿಮೆ ಇದ್ದರೆ ಒಂದು ವಾರ ಮುಂದೂಡಿ, ಸೇರದವರಲ್ಲಿ ಐದಾರು ಜನರಿಗೆ ಫೋನ್ ಮಾಡಿ ಕಾರಣ ಕೇಳಿ. ‘ಸಮಯವಿಲ್ಲ’ ಎಂದವರು ಹೆಚ್ಚಾದರೆ ತರಗತಿಯ ದಿನ ಬದಲಿಸಿ ನೋಡಿ. ‘ಅಪ್ಪ ಒಪ್ಪುವುದಿಲ್ಲ’ ಎಂದವರು ಹೆಚ್ಚಾದರೆ ಮೊದಲ ತರಗತಿಗೆ ಅಪ್ಪಂದಿರನ್ನೂ ಕರೆಯಿರಿ. ವಾರ ಕಳೆದರೂ ಸಂಖ್ಯೆ ಏರದಿದ್ದರೆ ಕಟ್ಟಿದವರ ಹಣವನ್ನು ಅದೇ ದಿನ ಹಿಂದಿರುಗಿಸಿ, ಬೇಕೆಂದವರಿಗೆ ಅದೇ ಯೋಜನೆಯನ್ನು ಒಬ್ಬೊಬ್ಬರಿಗೇ, ಭೇಟಿಯ ದರದಲ್ಲಿ ಮಾಡಿಕೊಡಿ.